ಇತಿಹಾಸದ ತರಗತಿಗೊಂದು ತಂಬೂರಿ ಬೇಕು

ಪುಣೆಯ ಶಾಲೆಗಳ ವೇಳಾಪಟ್ಟಿಯಲ್ಲಿ ಇತಿಹಾಸ, ಚಿತ್ರಕಲೆ, ಸಂಗೀತ ಮೂರೂ ಇವೆ. ಆದರೆ ಒಂದಕ್ಕೆ ಇನ್ನೊಂದರ ಪರಿಚಯವೇ ಇಲ್ಲ. ಪರೀಕ್ಷೆ ಹತ್ತಿರ ಬಂತೆಂದರೆ ಮೊದಲು ಸಂಗೀತದ ಪಿರಿಯಡ್ ಹೋಗುತ್ತದೆ, ಅದರ ಹಿಂದೆ ಚಿತ್ರಕಲೆಯದು. ಆ ಜಾಗದಲ್ಲಿ ಗಣಿತ ಬಂದು ಕೂರುತ್ತದೆ. ಇತಿಹಾಸವೇನೋ ಉಳಿಯುತ್ತದೆ, ಇಸವಿಗಳ ಪಟ್ಟಿಯಾಗಿ. ನಾನು ಧಾರವಾಡದ ಕಡೆಯವಳು, ಈ ಊರಿನಲ್ಲಿ ಇತಿಹಾಸ ಕಲಿಸುತ್ತೇನೆ. ಈ ಮೂರನ್ನೂ ಒಂದೇ ಪಾಠವಾಗಿ ಕಲಿಸಬೇಕು ಎಂದು ಹಟ ಹಿಡಿದವಳು.

ಎಂಟನೇ ತರಗತಿಯಲ್ಲಿ ಬ್ರಿಟಿಷ್ ಆಳ್ವಿಕೆಯ ಪಾಠ ಬಂದಾಗ ನಾನು ನಮ್ಮ ಅತ್ತೆಯವರ ತಂಬೂರಿಯನ್ನು ಶಾಲೆಗೆ ಒಯ್ಯುತ್ತೇನೆ. ಅದು ಮಿರಜಿನಲ್ಲಿ ಮಾಡಿದ್ದು. ಮೊದಲು ಮಕ್ಕಳು ಅದರ ಚಿತ್ರ ಬರೆಯಬೇಕು: ಬುರುಡೆ, ದಂಡಿ, ಬಿರಡೆಗಳು, ಕುದುರೆ, ನಾಲ್ಕು ತಂತಿ. ಬರೆಯಲು ಕೂತವರು ನೋಡುವ ಹಾಗೆ ಸುಮ್ಮನೆ ಕೂತವರು ನೋಡುವುದಿಲ್ಲ. ಕುದುರೆಯ ಮೇಲೆ ತಂತಿಯ ಕೆಳಗೆ ಸಿಕ್ಕಿಸಿದ ಸಣ್ಣ ನೂಲಿನ ಎಳೆಯನ್ನು ಯಾರಾದರೊಬ್ಬರು ಗುರುತಿಸಿಯೇ ಗುರುತಿಸುತ್ತಾರೆ. ಅದು ಜೀವಾಳ. ಆ ಎಳೆಯನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಲು ಹೇಳುತ್ತೇನೆ. ಒಂದು ಜಾಗದಲ್ಲಿ ತಂತಿ ಮಂಕಾಗಿ ನುಡಿಯುತ್ತದೆ. ಇನ್ನೊಂದು ಜಾಗಕ್ಕೆ ಬಂದಾಗ ನಾದ ಅರಳಿ ಇಡೀ ಕೋಣೆ ತುಂಬುತ್ತದೆ. ಹಿಂದಿನ ಬೆಂಚಿನವರೂ ಎದ್ದು ಮುಂದೆ ಬರುತ್ತಾರೆ.

ಆಗ ಕೇಳುತ್ತೇನೆ: ಇದನ್ನು ಮಾಡಿದವರ ಮುತ್ತಜ್ಜಂದಿರು ಏನು ಮಾಡುತ್ತಿದ್ದರು? ಯಾರಿಗೂ ಹೊಳೆಯುವುದಿಲ್ಲ. ಅವರು ಕತ್ತಿಗೆ ಸಾಣೆ ಹಿಡಿಯುವ ಶಿಕಲಗಾರರು. ಮರಾಠಾ ಆಳ್ವಿಕೆ ಮುಗಿದು ಬ್ರಿಟಿಷರು ಬಂದ ಮೇಲೆ ಸೈನ್ಯಗಳು ಕರಗಿದವು, ಆಯುಧಗಳಿಗೆ ಗಿರಾಕಿ ಇಲ್ಲದಾಯಿತು. 19ನೇ ಶತಮಾನದ ನಡುವಿನ ಹೊತ್ತಿಗೆ ಮಿರಜಿನ ಶಿಕಲಗಾರ ಮನೆತನಗಳು ವಾದ್ಯ ರಿಪೇರಿಗೆ, ಆಮೇಲೆ ವಾದ್ಯ ತಯಾರಿಕೆಗೆ ಇಳಿದವು. ಅವರ ಕೈಯ ಸಿತಾರು, ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆಯೂ ಸಿಕ್ಕಿದೆ. ‘ಕಸುಬುದಾರರು ಉದ್ಯೋಗ ಕಳೆದುಕೊಂಡರು’ ಎಂದು ಪಠ್ಯದಲ್ಲಿ ಒಂದು ವಾಕ್ಯವಿರುತ್ತದಲ್ಲ, ಅದು ಮಕ್ಕಳ ಬೆರಳಿಗೆ ತಾಗುವುದು ಇಲ್ಲಿ.

ಇದೇ ಪಾಠದ ಇನ್ನೊಂದು ಮುಖ ಹಲಗಲಿಯಲ್ಲಿದೆ. ಮುಧೋಳದ ಹತ್ತಿರದ ಈ ಊರಿನ ಬೇಡರು 1857ರಲ್ಲಿ ಆಯುಧ ಒಪ್ಪಿಸಬೇಕೆಂಬ ಹುಕುಮನ್ನು ಧಿಕ್ಕರಿಸಿ ದಂಗೆ ಎದ್ದರು. ಅವರ ಮೇಲೆ ಜನ ಕಟ್ಟಿದ ಲಾವಣಿಯನ್ನು ಜೆ.ಎಫ್. ಫ್ಲೀಟ್ ಎಂಬ ಬ್ರಿಟಿಷ್ ಅಧಿಕಾರಿಯೇ 1880ರ ದಶಕದಲ್ಲಿ ಅಚ್ಚು ಹಾಕಿಸಿದ. ತಂಬೂರಿಯಾದ ಮೇಲೆ ಆ ಲಾವಣಿ ಕೇಳಿಸಿದರೆ ಮಕ್ಕಳು ತಾವಾಗಿಯೇ ಎರಡನ್ನೂ ಜೋಡಿಸುತ್ತಾರೆ. ನಾನು ಬಾಯಿ ಬಿಡಬೇಕಾಗಿಲ್ಲ.

ಮತ್ತೆ ತಂಬೂರಿಗೇ ಬರೋಣ. ಅದರ ಬುರುಡೆಗೆ ಬೇಕಾದ ದೊಡ್ಡ ಕಾಯಿ ಬೆಳೆಯುವುದು ಪಂಢರಪುರ, ಮಂಗಳವೇಢೆಯ ಸುತ್ತ. ಮಂಗಳವೇಢೆಯೆಂದರೆ ಬಿಜ್ಜಳನ ಮಂಗಳವಾಡ, ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣ ದುಡಿದ ಊರು. ತನ್ನ ದೇಹವನ್ನೇ ವಾದ್ಯ ಮಾಡಿಕೊಳ್ಳೆಂದು ದೇವರನ್ನು ಬೇಡಿದ ವಚನಕಾರ ಅವನೇ. ಇಷ್ಟು ಹೇಳುವಾಗ ನನಗೇ ಮೈ ಜುಮ್ಮೆನ್ನುತ್ತದೆ.

ಪುಣೆಯ ಕನ್ನಡದ ಮಕ್ಕಳಿಗೆ ಇಂಥ ಪಾಠ ಇನ್ನೂ ಮುಖ್ಯ. ಕನ್ನಡ–ಮರಾಠಿ ಎಂದರೆ ಅವರಿಗೆ ಗೊತ್ತಿರುವುದು ಬೆಳಗಾವಿಯ ಗಲಾಟೆ, ಬಸ್ಸಿಗೆ ಮಸಿ ಬಳಿಯುವ ಸುದ್ದಿ. ಆದರೆ ಮರಾಠಿ ಸಂಗೀತ ನಾಟಕಕ್ಕೆ ದಾರಿ ಮಾಡಿದ ‘ಶಾಕುಂತಲ’ 1880ರಲ್ಲಿ ಪುಣೆಯಲ್ಲಿ ರಂಗಕ್ಕೆ ಬಂತು. ಅದರ ಕರ್ತೃ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಉತ್ತರ ಪ್ರದೇಶದ ಕೈರಾನಾದ ಅಬ್ದುಲ್ ಕರೀಂ ಖಾನರು ಮಿರಜಿನಲ್ಲಿ ನೆಲೆಸಿದರು. ಅವರಲ್ಲಿ ಕಲಿತವರು ಕುಂದಗೋಳದ ಸವಾಯಿ ಗಂಧರ್ವರು, ಸವಾಯಿ ಗಂಧರ್ವರಲ್ಲಿ ಕಲಿತವರು ಗದಗಿನ ಭೀಮಸೇನ ಜೋಶಿ. ಗುರುವಿನ ನೆನಪಿಗಾಗಿ 1953ರಲ್ಲಿ ಪುಣೆಯಲ್ಲಿ ಶುರುವಾದ ಸಂಗೀತೋತ್ಸವಕ್ಕೆ ಡಿಸೆಂಬರ್ ಬಂದರೆ ಊರೇ ನೆರೆಯುತ್ತದೆ. ಭೀಮಸೇನರು ತುಕಾರಾಮರ ಅಭಂಗವನ್ನೂ ಪುರಂದರದಾಸರ ಪದವನ್ನೂ ಹಾಡಿದ್ದನ್ನು ಒಂದರ ಹಿಂದೊಂದು ಕೇಳಿಸಿ ನೋಡಿ. ಸೌಹಾರ್ದದ ಬಗ್ಗೆ ಭಾಷಣ ಬಿಗಿಯುವ ಅಗತ್ಯ ಬೀಳುವುದಿಲ್ಲ.

ಹಾಡು ಹೊಗಳುತ್ತದೆ, ಉಬ್ಬಿಸುತ್ತದೆ, ಇತಿಹಾಸಕ್ಕೆ ಅದು ಸಾಕ್ಷಿಯಾಗದು ಎಂಬ ಆಕ್ಷೇಪ ಕೇಳಿದ್ದೇನೆ. ಹೌದು, ಹೊಗಳುತ್ತದೆ. ಅದಕ್ಕೇ ಒಂದಲ್ಲ, ಎರಡು ಹಾಡು ಕೇಳಿಸಬೇಕು. ಜ್ಯೋತಿಬಾ ಫುಲೆ 1869ರಲ್ಲಿ ಶಿವಾಜಿಯ ಮೇಲೆ ಪೊವಾಡ, ಅಂದರೆ ಮರಾಠಿ ವೀರಗೀತೆ, ಬರೆದರು. ಅದರಲ್ಲಿ ಶಿವಾಜಿ ರೈತಾಪಿ ಜನರ ರಾಜ. ಸಭೆ ಸಮಾರಂಭಗಳಲ್ಲಿ ಶಾಹೀರರು ಡಫ್ ಬಡಿದು ಹಾಡುವ ಪೊವಾಡಗಳಲ್ಲಿ ಬೇರೆಯದೇ ಶಿವಾಜಿ ಎದ್ದು ಬರುತ್ತಾನೆ. ಒಬ್ಬನೇ ರಾಜ, ಇಷ್ಟು ಬೇರೆ ಏಕೆ, ಹಾಡಿದವರು ಯಾರು, ಯಾರ ಮುಂದೆ ಹಾಡಿದರು? ಈ ಪ್ರಶ್ನೆ ಕೇಳಲು ಕಲಿತ ಮಗುವಿಗೆ ಇತಿಹಾಸದ ಮುಖ್ಯ ಪಾಠ ಬಂದ ಹಾಗೆಯೇ.

ಸರ್ಕಾರದ ಕಡೆಯಿಂದ ಏನೂ ಇಲ್ಲವೆಂದಲ್ಲ. 6ರಿಂದ 8ನೇ ತರಗತಿಯಲ್ಲಿ 100ಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲಾ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೇ ಹೇಳುತ್ತದೆ. ಮಹಾರಾಷ್ಟ್ರದಲ್ಲಿ ಚಿತ್ರಕಲಾ ಪರೀಕ್ಷೆ, ಶಾಸ್ತ್ರೀಯ ಸಂಗೀತ, ಜನಪದ ಕಲೆಗಳಿಗೆ ಹತ್ತನೇ ತರಗತಿಯಲ್ಲಿ ಹೆಚ್ಚುವರಿ ಅಂಕವನ್ನೂ ಕೊಡುತ್ತಾರೆ. ಅಂಕ ಸಿಕ್ಕಿದ ಮೇಲೆ ಪೆಟ್ಟಿಗೆ ಮುಚ್ಚಿತು. ಕಲಿತ ಹಾಡಿಗೂ ಓದಿದ ಪಾಠಕ್ಕೂ ನಂಟು ಬೆಳೆಯುವುದೇ ಇಲ್ಲ.

ನನ್ನ ಬೇಡಿಕೆ ಬಾಲಭಾರತಿಯ ಮುಂದಿದೆ. 1967ರಿಂದ ಪುಣೆಯಲ್ಲಿರುವ ಈ ಪಠ್ಯಪುಸ್ತಕ ಮಂಡಳಿಯೇ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಿಗೂ ಪುಸ್ತಕ ಮಾಡಿಕೊಡುತ್ತದೆ. ಆ ಇತಿಹಾಸ ಪುಸ್ತಕಗಳಲ್ಲಿ ಪ್ರತಿ ಅಧ್ಯಾಯಕ್ಕೂ ಒಂದು ಹಾಡು, ಒಂದು ವಸ್ತು ಸೇರಲಿ. ಹಾಡಿನ ಧ್ವನಿಮುದ್ರಣ ಮೊಬೈಲಿನಲ್ಲಿ ಸಿಗುವಂತಾಗಲಿ. ಜತ್ತದ ಮಕ್ಕಳಿಗೆ ಗೀಗೀ ಪದ ಹೊಸದಲ್ಲ, ತಮ್ಮ ಊರಿನ ಹಾಡುಗಾರ ಪಾಠಕ್ಕೆ ಬರಬಹುದೆಂಬುದಷ್ಟೇ ಹೊಸದು. ಸಂಗೀತದ ಮೇಷ್ಟ್ರು ವಾರಕ್ಕೊಮ್ಮೆಯಾದರೂ ಇತಿಹಾಸದ ತರಗತಿಗೆ ಬರಲಿ.

ಪುಣೆಯ ಶಾಲೆಗಳಿಗೆ ಇನ್ನೊಂದು ಮಾತು. ವರ್ಷದ ಪ್ರವಾಸವೆಂದು ಮಕ್ಕಳನ್ನು ವಾಟರ್ ಪಾರ್ಕಿಗೆ ಒಯ್ಯುತ್ತೀರಿ. ಶುಕ್ರವಾರ ಪೇಠೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯದ ವಾದ್ಯಗಳ ವಿಭಾಗಕ್ಕೆ ಸಿಟಿ ಬಸ್ಸಿನಲ್ಲಿ ಹೋಗಬಹುದು. ಮಿರಜಿಗೆ ನೇರ ರೈಲಿದೆ; ಸ್ಕೆಚ್ ಪುಸ್ತಕ ಹಿಡಿದು ಹೋದ ಮಕ್ಕಳು ತಂಬೂರಿ ಮಾಡುವವರ ಓಣಿಯಲ್ಲಿ ಒಂದು ಮಧ್ಯಾಹ್ನ ಕೂತು ಬರಲಿ.