ಮನೆಯೊಳಗೊಂದು ಬಾಡಿಗೆ ಮನೆ

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಸದಾಶಿವನಗರದ ನಮ್ಮ ಬೀದಿಯ ಹುಡುಗಿಯೊಬ್ಬಳು ತಂದೆಯ ಜತೆ ಮನೆಗೆ ಬಂದಳು. ಪಿಯುಸಿಯಲ್ಲಿ ಕಂಪ್ಯೂಟರ್ ವಿಜ್ಞಾನ ಆಯ್ದುಕೊಂಡವಳು. ಅವಳಿಗೆ ಲಿನಕ್ಸ್ ಕಲಿಯಬೇಕೆಂಬ ಆಸೆ. ಆದರೆ ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪ್. ಅದರಲ್ಲಿ ವಿಂಡೋಸ್ ಇದೆ, ತಂದೆಯ ಅಂಗಡಿಯ ಐದು ವರ್ಷದ ಲೆಕ್ಕವೂ ಇದೆ.

‘ಎರಡನೇದು ಹಾಕಿದ್ರ ಮೊದಲನೇದು ಹೋಗ್ತೈತೇನ್ರಿ ಸರ?’ ಎಂದು ತಂದೆ ಕೇಳಿದರು.

ಅವರ ಭಯ ಸುಳ್ಳಲ್ಲ. ಹೋಗುವುದುಂಟು. ನನ್ನ ಕೈಯಿಂದಲೇ ಹೋಗಿದೆ. ನಮ್ಮ ರಾಜ್ಯದ ಪ್ರೌಢಶಾಲಾ ಶಿಕ್ಷಕರಿಗೆ ‘ವಿಷಯ ಶಿಕ್ಷಕರ ವೇದಿಕೆ’ ಎಂಬ ತರಬೇತಿ ನಡೆದ ವರ್ಷಗಳವು. ಅಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ಬಳಸುತ್ತಿದ್ದರು. ಅದನ್ನು ಕಂಡು ಹುರುಪಿನಲ್ಲಿ ಮನೆಗೆ ಬಂದವನು ವಿಂಡೋಸ್ ಪಕ್ಕದಲ್ಲಿ ಅದನ್ನೂ ಕೂರಿಸಲು ಹೊರಟೆ. ‘ಡಿಸ್ಕ್ ಅಳಿಸಿ ಸ್ಥಾಪಿಸು’ ಎಂಬರ್ಥದ ಆಯ್ಕೆಯನ್ನು ಸರಿಯಾಗಿ ಓದದೆ ಒತ್ತಿದೆ. ನುಡಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದ ಪ್ರಶ್ನೆಪತ್ರಿಕೆಗಳು ಹೋದವು, ಮನೆಯ ಫೋಟೋಗಳೂ ಹೋದವು. ಪ್ರಶ್ನೆಪತ್ರಿಕೆ ಮತ್ತೆ ಬರೆಯಬಹುದು. ಫೋಟೋಗಳ ವಿಷಯದಲ್ಲಿ ಮನೆಯವರು ಇಂದಿಗೂ ನನ್ನನ್ನು ಪೂರ್ತಿ ಕ್ಷಮಿಸಿಲ್ಲ.

ಹಾಗೆಂದು ಮಕ್ಕಳಿಗೆ ‘ಮುಟ್ಟಬೇಡ’ ಎನ್ನಲಾದೀತೆ? ಪ್ರಯೋಗಾಲಯದಲ್ಲಿ ಪ್ರನಾಳ ಒಡೆಯದೆ ರಸಾಯನಶಾಸ್ತ್ರ ಕಲಿತವರನ್ನು ನಾನು ಕಂಡಿಲ್ಲ. ಒಡೆದರೆ ನಷ್ಟವಾಗದಂಥ ಪ್ರನಾಳ ಬೇಕು, ಅಷ್ಟೆ. ಕಂಪ್ಯೂಟರಿನಲ್ಲಿ ಅಂಥ ಪ್ರನಾಳಕ್ಕೆ ವರ್ಚುವಲ್ ಮಷೀನ್ ಎಂದು ಹೆಸರು. ಬೇಕಾದರೆ ಕಲ್ಪಿತ ಯಂತ್ರ ಎನ್ನಿ.

ಇದು ಕೆಲಸ ಮಾಡುವ ಬಗೆಯನ್ನು ತಂದೆಗೆ ಹೀಗೆ ಹೇಳಿದೆ. ನಮ್ಮ ಬಡಾವಣೆಯಲ್ಲಿ ಕೆಳಗೆ ಮಾಲೀಕರು, ಮೇಲೆ ಬಾಡಿಗೆಯವರು ಇರುವ ಮನೆಗಳು ಬೇಕಾದಷ್ಟಿವೆ. ಟ್ಯಾಂಕ್ ಒಂದೇ, ವಿದ್ಯುತ್ ಬರುವ ತಂತಿ ಒಂದೇ. ಬಾಡಿಗೆಯವರು ನಲ್ಲಿ ತಿರುಗಿಸಿದರೆ ನೀರು ನೇರವಾಗಿ ಬರುತ್ತದೆ, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಆದರೆ ಟ್ಯಾಂಕಿನ ದೊಡ್ಡ ವಾಲ್ವ್ ಮುಟ್ಟಬೇಕಾದರೆ ಕೆಳಗಿನವರನ್ನು ಕರೆಯಬೇಕು. ಕಲ್ಪಿತ ಯಂತ್ರದಲ್ಲೂ ಹೀಗೆಯೇ. ಒಳಗಿನ ವ್ಯವಸ್ಥೆಯ ಸಾಮಾನ್ಯ ಆದೇಶಗಳು, ಅಂದರೆ ಕೂಡು, ಕಳೆ, ಹೋಲಿಸು ಎಂಬಂಥವು, ನೇರವಾಗಿ ಪ್ರೊಸೆಸರ್ ಮೇಲೆಯೇ ಓಡುತ್ತವೆ. ಯಂತ್ರಾಂಶದ ಹಿಡಿತಕ್ಕೇ ಕೈಹಾಕುವ ಆದೇಶ ಬಂದಾಗ ಮಾತ್ರ ನಡುವೆ ಕುಳಿತ ಹೈಪರ್‌ವೈಸರ್ ಎಂಬ ಮೇಲ್ವಿಚಾರಕ ತಂತ್ರಾಂಶ ಅದನ್ನು ತಡೆದು, ತಕ್ಕ ಉತ್ತರವನ್ನು ತಾನೇ ಕೊಡುತ್ತದೆ. ಒಳಗಿನ ವ್ಯವಸ್ಥೆಗೆ ಇದರ ಅರಿವೇ ಇರುವುದಿಲ್ಲ. ಇಡೀ ಕಂಪ್ಯೂಟರ್ ತನ್ನದೇ ಎಂದು ಅದು ತಿಳಿದಿರುತ್ತದೆ. ಅದು ‘ಹಾರ್ಡ್ ಡಿಸ್ಕ್’ ಎಂದುಕೊಂಡದ್ದು ವಿಂಡೋಸಿನ ಕಣ್ಣಿಗೆ ಒಂದು ದೊಡ್ಡ ಕಡತ ಮಾತ್ರ.

ಇದು ಹೊಸ ಉಪಾಯವೇನಲ್ಲ. ಒಂದು ಕಂಪ್ಯೂಟರ್ ಒಂದು ಕೋಣೆಯಷ್ಟು ದೊಡ್ಡದಾಗಿದ್ದ 1960ರ ದಶಕದಲ್ಲೇ ಅಮೆರಿಕದ ಐಬಿಎಂ ಕಂಪನಿಯವರು ಒಂದೇ ಯಂತ್ರವನ್ನು ಹಲವರಿಗೆ ಹಂಚಲು ಇದನ್ನು ಮಾಡಿದರು. 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರಿಗೂ ಕೊಟ್ಟರು. ಮೇಜಿನ ಮೇಲಿನ ಸಣ್ಣ ಕಂಪ್ಯೂಟರಿಗೆ ಅದು ಇಳಿದು ಬಂದದ್ದು 1999ರಲ್ಲಿ, ವಿಎಂವೇರ್ ಮೂಲಕ. 2005ರಿಂದ ಇಂಟೆಲ್ ತನ್ನ ಪ್ರೊಸೆಸರಿನೊಳಗೇ ಇದಕ್ಕೆ ಬೇಕಾದ ಸೌಕರ್ಯವನ್ನು ಸೇರಿಸಿತು. 2007ರಲ್ಲಿ ಬಂದ ವರ್ಚುವಲ್‌ಬಾಕ್ಸ್ ಇಂದು ಒರೇಕಲ್ ಕಂಪನಿಯ ಕೈಯಲ್ಲಿದೆ. ಮನೆಬಳಕೆಗೆ ಉಚಿತ. ನಾವು ಬಳಸಿದ್ದು ಅದನ್ನೇ.

ಮೊದಲು ಟ್ಯಾಂಕಿನಲ್ಲಿ ನೀರೆಷ್ಟಿದೆ ನೋಡಬೇಕು. ಎರಡು ಸಂಸಾರ ಏಕಕಾಲಕ್ಕೆ ನಡೆಯುವುದರಿಂದ ಮೆಮೊರಿ, ಅಂದರೆ ರ‍್ಯಾಮ್, ಇಬ್ಬರಿಗೂ ಸಾಲಬೇಕು. ಅವರ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಇತ್ತು. ಒಳಗಿನ ಯಂತ್ರಕ್ಕೆ 3 ಜಿಬಿ ಕೊಟ್ಟೆವು. ನಿಮ್ಮಲ್ಲಿ 4 ಜಿಬಿ ಮಾತ್ರ ಇದ್ದರೆ ಈ ಸಾಹಸ ಬೇಡ, ಎರಡೂ ತೆವಳುತ್ತವೆ. ಅಂಥವರು ಲಿನಕ್ಸನ್ನು ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು, ಸ್ಥಾಪಿಸುವ ಗುಂಡಿಯನ್ನು ಮಾತ್ರ ಒತ್ತಬಾರದು. ಪ್ರೊಸೆಸರಿನ ಸೌಕರ್ಯ ತೆರೆದಿದೆಯೇ ಎಂದು ತಿಳಿಯಲು ವಿಂಡೋಸಿನ ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್, ಅದರಲ್ಲಿ ಸಿಪಿಯು ನೋಡಿ. ‘ವರ್ಚುವಲೈಸೇಷನ್’ ಎಂಬುದರ ಮುಂದೆ ‘ಎನೇಬಲ್ಡ್’ ಎಂದಿದ್ದರೆ ಆಯಿತು. ಇಲ್ಲದಿದ್ದರೆ ಕಂಪ್ಯೂಟರ್ ಆರಂಭವಾಗುವಾಗ ಬಯಾಸ್ ಒಳಹೊಕ್ಕು ಅದನ್ನು ತೆರೆಯಬೇಕು. (ಯಂತ್ರ ಓಡುವಾಗ ಕೆಳಗಿನ ಮೂಲೆಯಲ್ಲಿ ಪುಟ್ಟ ಆಮೆಯ ಚಿತ್ರ ಕಂಡರೆ ಆ ಸೌಕರ್ಯವನ್ನು ವಿಂಡೋಸ್ ತಾನೇ ಹಿಡಿದುಕೊಂಡಿದೆ ಎಂದರ್ಥ. ಕೆಲಸ ನಡೆಯುತ್ತದೆ, ಆಮೆಯ ವೇಗದಲ್ಲಿ.)

ಲಿನಕ್ಸ್ ಮಿಂಟ್ ಎಂಬುದರ ಹಗುರ ಆವೃತ್ತಿ, ಸುಮಾರು 3 ಜಿಬಿಯ ಕಡತ, ಹುಡುಗಿ ಅದರ ಅಧಿಕೃತ ತಾಣದಿಂದಲೇ ಮೊದಲೇ ಇಳಿಸಿಕೊಂಡಿದ್ದಳು. ವರ್ಚುವಲ್‌ಬಾಕ್ಸಿನಲ್ಲಿ ಹೊಸ ಯಂತ್ರ ಮಾಡಿ 25 ಜಿಬಿಯ ಕಲ್ಪಿತ ಡಿಸ್ಕ್ ಕೊಟ್ಟೆವು. ಬಳಸಿದಂತೆಲ್ಲ ಬೆಳೆಯುವ ಬಗೆಯದು ಅದು, ಮೊದಲಿಗೇ 25 ಜಿಬಿ ನುಂಗುವುದಿಲ್ಲ. ಸ್ಥಾಪನೆ ಶುರುವಾಯಿತು. ಭಾಷೆ, ಕೀಲಿಮಣೆ ಕೇಳಿತು. ಅನಂತರ ಪರದೆಯ ಮೇಲೆ ಅದೇ ಹಳೆಯ ಸಾಲು ಬಂದು ನಿಂತಿತು: ಡಿಸ್ಕ್ ಅಳಿಸಿ ಸ್ಥಾಪಿಸು.

ತಂದೆ ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟರು. ನಿಜ ಹೇಳಬೇಕೆಂದರೆ ನನ್ನ ಎದೆಯೂ ಒಮ್ಮೆ ಹೊಡೆದುಕೊಂಡಿತು. ‘ಅಲ್ಲಿ ಬರೆದಿರುವ ಡಿಸ್ಕಿನ ಅಳತೆ ಎಷ್ಟು, ಓದಮ್ಮಾ’ ಎಂದೆ. 25 ಜಿಬಿ ಮತ್ತು ಚಿಲ್ಲರೆ. ‘ನಿಮ್ಮ ಲ್ಯಾಪ್‌ಟಾಪಿನ ನಿಜವಾದ ಡಿಸ್ಕ್ ಎಷ್ಟು?’ 512. ಅಳಿಸುತ್ತಿರುವುದು ನಾವು ಹತ್ತು ನಿಮಿಷದ ಹಿಂದೆ ಮಾಡಿದ ಖಾಲಿ ಕಡತವನ್ನು. ತಂದೆ ಆ ಅಂಕಿಯನ್ನು ತಾವೂ ಎರಡು ಸಲ ಓದಿ, ಆಮೇಲೆ ಕೈ ಬಿಟ್ಟರು. ಅರ್ಧ ಗಂಟೆಯೊಳಗೆ ವಿಂಡೋಸಿನ ಒಂದು ಕಿಟಕಿಯೊಳಗೆ ಲಿನಕ್ಸ್ ಎದ್ದು ಕುಳಿತಿತ್ತು. ಪಕ್ಕದ ಕಿಟಕಿಯಲ್ಲಿ ಅಂಗಡಿಯ ಲೆಕ್ಕ ಹಾಗೆಯೇ ಇತ್ತು.

ಕನ್ನಡದ ಮಟ್ಟಿಗೆ ಚಿಂತೆ ಬೇಡ. ಗುಬ್ಬಿ, ನವಿಲು ಎಂಬ ಚೆಂದದ ಹೆಸರಿನ ಅಕ್ಷರವಿನ್ಯಾಸಗಳು ಲಿನಕ್ಸಿಗೆ ಉಚಿತವಾಗಿ ಸಿಗುತ್ತವೆ. ಕೀಲಿಮಣೆಯ ಪಟ್ಟಿಯಲ್ಲಿ ನುಡಿಯವರಿಗೆ ಪರಿಚಿತವಾದ ಕಗಪ ವಿನ್ಯಾಸವೂ ಇದೆ. ಗಡಿಯಾಚೆಯ ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಶಾಲೆಯಲ್ಲಿ ಕಲಿಯುವುದು ಲಿನಕ್ಸಿನಲ್ಲೇ. ಕೇರಳ ಸರ್ಕಾರ ಉಬುಂಟುವನ್ನು ಆಧರಿಸಿದ ತನ್ನದೇ ಆವೃತ್ತಿಯನ್ನು ಶಾಲೆಗಳಿಗೆ ಕೊಟ್ಟಿದೆ. ಅಲ್ಲಿನ ಮಗುವೊಂದು ಮನೆಯ ವಿಂಡೋಸಿನಲ್ಲಿ ಶಾಲೆಯ ಪಾಠ ಮಾಡಲು ಇದೇ ದಾರಿ ಹಿಡಿಯಬಹುದು.

ಇನ್ನೊಂದು ಮಾತನ್ನು ತಂದೆತಾಯಂದಿರು ಗಮನಿಸಬೇಕು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಕೇಳುವ ಯಂತ್ರಾಂಶ ಹಳೆಯ ಕಂಪ್ಯೂಟರುಗಳಲ್ಲಿ ಇರುವುದಿಲ್ಲ. ಅಂಥದನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸ್ ಒಗ್ಗುತ್ತದೆಯೇ, ಮನೆಯವರ ಕೆಲಸ ಅದರಲ್ಲಿ ನಡೆಯುತ್ತದೆಯೇ ಎಂದು ಹೀಗೆ ಒಳಗೇ ತಾಲೀಮು ಮಾಡಿ ನೋಡಬಹುದು.

ಬಾಡಿಗೆ ಮನೆಗೂ ಒಂದು ಬಾಗಿಲಿದೆ ಎಂಬುದನ್ನು ಮಾತ್ರ ಮರೆಯಬಾರದು. ಎರಡೂ ಕಡೆಯಿಂದ ತೆರೆಯುವ ‘ಶೇರ್ಡ್ ಫೋಲ್ಡರ್’ ಮಾಡಿಕೊಂಡರೆ ಅದರೊಳಗಿನ ಕಡತ ನಿಜವಾದ ಕಡತವೇ. ಒಳಗಿನಿಂದ ಅಳಿಸಿದರೆ ಹೊರಗೂ ಹೋಯಿತು. ಲೆಕ್ಕದ ಫೋಲ್ಡರನ್ನು ಎಂದೂ ಹಾಗೆ ಹಂಚಬೇಡಿ ಎಂದೆ. ಲೆಕ್ಕದ ಇನ್ನೊಂದು ಪ್ರತಿಯನ್ನು ಹೊರಗಿನ ಡಿಸ್ಕಿನಲ್ಲಿ ಇಡಿ ಎಂದೂ ಹೇಳಿದೆ. ಇದು ಕಲ್ಪಿತ ಯಂತ್ರ ಇರಲಿ, ಬಿಡಲಿ, ಮಾಡಲೇಬೇಕಾದ ಕೆಲಸ. ನನಗೆ ತಡವಾಗಿ ಬಂದ ಬುದ್ಧಿ.

ಹೊರಡುವ ಮುನ್ನ ಹುಡುಗಿಗೆ ಒಂದು ಮನೆಗೆಲಸ ಕೊಟ್ಟೆ: ಇದನ್ನು ಕೆಡಿಸಬೇಕು. ಅದಕ್ಕೆ ಮೊದಲು ‘ಸ್ನ್ಯಾಪ್‌ಶಾಟ್’ ತೆಗೆದೆವು. ಯಂತ್ರದ ಆ ಕ್ಷಣದ ಸ್ಥಿತಿಯನ್ನು ಹಾಗೆಯೇ ಕಾದಿಡುವ ಏರ್ಪಾಡು ಅದು. ಎರಡು ದಿನ ಬಿಟ್ಟು ಸಂಜೆ ಅವಳು ಓಡಿ ಬಂದಳು. ವ್ಯವಸ್ಥೆಯ ಮುಖ್ಯ ಫೋಲ್ಡರ್ ಒಂದನ್ನು ಅಳಿಸಿಬಿಟ್ಟಿದ್ದಾಳೆ, ಪರದೆ ಕಪ್ಪಾಗಿದೆ, ಏನು ಮಾಡಿದರೂ ಏಳುತ್ತಿಲ್ಲ. ಮುಖದಲ್ಲಿ ಹೆದರಿಕೆ ಇರಲಿಲ್ಲ, ಬಹಳ ಸಂತೋಷವಿತ್ತು. ಯಾವ ಕಡತ ಹೋದಾಗ ಯಾವ ಸಂದೇಶ ಬಂತು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದಳು. ಸ್ನ್ಯಾಪ್‌ಶಾಟಿಗೆ ಹಿಂತಿರುಗಿಸಲು ಒಂದು ನಿಮಿಷವೂ ಹಿಡಿಯಲಿಲ್ಲ. ತಂದೆ ಅದೇ ಲ್ಯಾಪ್‌ಟಾಪಿನಲ್ಲಿ ಅಂದಿನ ಲೆಕ್ಕ ಬರೆಯಲು ಕಾಯುತ್ತಿದ್ದರು.

ಈಗ ಆ ಕಲ್ಪಿತ ಡಿಸ್ಕ್ 11 ಜಿಬಿಗೆ ಬೆಳೆದಿದೆ. ಖಾನಾಪುರದಲ್ಲಿ ಅವಳ ಚಿಕ್ಕಪ್ಪನ ಮಗನಿಗೂ ಅದು ಬೇಕಂತೆ. ಇಡೀ ಯಂತ್ರವನ್ನು ಒಂದೇ ಕಡತವಾಗಿ ಹೊರತೆಗೆದು ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಬಸ್ಸು ಹತ್ತಿದ್ದಾಳೆ. ಅಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ತೆರೆದರೆ ಅವಳು ಬಿಟ್ಟ ಜಾಗದಲ್ಲೇ ತೆರೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಅಲ್ಲಿ ವಿದ್ಯುತ್ ಹೋಗುವುದು ಹೆಚ್ಚು, ಒಳಗಿನ ಯಂತ್ರವನ್ನೂ ಕ್ರಮವಾಗಿ ಶಟ್‌ಡೌನ್ ಮಾಡಲು ಹೇಳು ಎಂದಿದ್ದೇನೆ.