ಪಾಳುಭೂಮಿ ಎಂದವರು ಯಾರು?



ಮಾನ್ವಿ ಅಥವಾ ದೇವದುರ್ಗದ ಯಾವುದಾದರೂ ಪ್ರೌಢಶಾಲೆಯ ವಿದ್ಯಾರ್ಥಿಯನ್ನು ನಿಲ್ಲಿಸಿ, ಪ್ರಪಂಚದ ನೈಸರ್ಗಿಕ ವಲಯಗಳನ್ನು ಹೇಳು ಎಂದು ಕೇಳಿ ನೋಡಿ. ಟಂಡ್ರಾ, ಟೈಗಾ, ಪ್ರೇರಿ, ಸ್ಟೆಪ್ಪಿ, ಸವನ್ನಾ, ಸಮಭಾಜಕ ವೃತ್ತದ ಮಳೆಕಾಡು ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿಬಿಡುತ್ತದೆ ಆ ಮಗು. ಹಿಮಸಾರಂಗ ಎಲ್ಲಿರುತ್ತದೆ, ಜಿರಾಫೆ ಏನು ತಿನ್ನುತ್ತದೆ ಎಂಬುದೂ ಅದಕ್ಕೆ ಕಂಠಪಾಠ. ಆಮೇಲೆ ಶಾಲೆಯ ಹಿಂದಿನ ಮರಡಿಯನ್ನು ತೋರಿಸಿ, ಅಲ್ಲಿ ಏನಿದೆ ಎಂದು ಕೇಳಿ. ಉತ್ತರ ಬಹುಮಟ್ಟಿಗೆ ಒಂದೇ: “ಏನೂ ಇಲ್ಲ, ಬರೇ ಪಾಳುಬಿದ್ದೈತಿ.”

ಈ ಉತ್ತರಕ್ಕೆ ಮಗುವನ್ನು ದೂಷಿಸಲಾಗದು. ತಾನು ಕಾಣದ ಸೈಬೀರಿಯಾವನ್ನು ಅದು ಕಲಿತದ್ದು ನಮ್ಮಿಂದ. ತಾನು ದಿನವೂ ತುಳಿಯುವ ನೆಲವನ್ನು ಕಡೆಗಣಿಸಲು ಕಲಿತದ್ದೂ ನಮ್ಮಿಂದಲೇ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಅಕ್ಷರಶಃ ಪಾಲಿಸಿದ್ದೇವೆ. ರಾಯಚೂರು ಸೀಮೆಯ ಮಕ್ಕಳಿಗೆ ಪ್ರಪಂಚದ ಜೀವವಲಯಗಳ ಪಾಠ ಅವರ ಸ್ವಂತ ನೆಲದಿಂದ ಆರಂಭವಾಗಬೇಕು. ಹಾಗೆ ಆರಂಭಿಸದ ಶಿಕ್ಷಣ ಅಪೂರ್ಣವಷ್ಟೇ ಅಲ್ಲ, ಅಪಾಯಕಾರಿಯೂ ಹೌದು. ಇದನ್ನೇ ಇಂದು ನಿಮ್ಮ ಮುಂದೆ ಸ್ವಲ್ಪ ಖಾರವಾಗಿಯೇ ಇಡಬಯಸುತ್ತೇನೆ.

ನಾವು ನಿಂತಿರುವುದೆಲ್ಲಿ?

ಮೊದಲು ಪಾಠವನ್ನೇ ಸರಿಯಾಗಿ ತಿಳಿಯೋಣ. ಮಳೆಯ ಪ್ರಮಾಣ, ಅದು ಬೀಳುವ ಕಾಲ, ಬಿಸಿಲು, ಮಣ್ಣು ಇವೆಲ್ಲ ಸೇರಿ ಒಂದು ಪ್ರದೇಶದಲ್ಲಿ ಯಾವ ಬಗೆಯ ಗಿಡಮರ, ಯಾವ ಬಗೆಯ ಪ್ರಾಣಿ ಬಾಳಬಲ್ಲದೆಂಬುದನ್ನು ನಿರ್ಧರಿಸುತ್ತವೆ. ಹೀಗೆ ಒಂದೇ ಬಗೆಯ ಹವೆಯಲ್ಲಿ ಒಂದೇ ಬಗೆಯ ಬದುಕು ಹರಡಿರುವ ವಿಶಾಲ ಪ್ರದೇಶವೇ ಜೀವವಲಯ. ವಿಜ್ಞಾನಿಗಳು ಇದನ್ನು ಬಯೋಮ್ ಎನ್ನುತ್ತಾರೆ. ಅದರೊಳಗೆ ಒಂದು ಕೆರೆ, ಒಂದು ಗುಡ್ಡ, ಒಂದು ಹುಲ್ಲುಗಾವಲಿನಲ್ಲಿ ಜೀವಿಗಳು ಮಣ್ಣು, ನೀರು, ಗಾಳಿಗಳೊಡನೆ ನಡೆಸುವ ಕೊಡುಕೊಳ್ಳುವಿಕೆಗೆ ಪರಿಸರ ವ್ಯವಸ್ಥೆ ಎಂದು ಹೆಸರು. ಇಂಗ್ಲೆಂಡಿನ ಸಸ್ಯವಿಜ್ಞಾನಿ ಆರ್ಥರ್ ಟಾನ್ಸ್ಲಿ 1935ರಲ್ಲಿ ಈ ಕಲ್ಪನೆಗೆ ಹೆಸರು ಕೊಟ್ಟರು.

2001ರಲ್ಲಿ ಪ್ರಕಟವಾದ ಜಗತ್ತಿನ ಒಂದು ಪ್ರಮುಖ ಪರಿಸರ ನಕಾಶೆ ಭೂಭಾಗವನ್ನು 14 ಜೀವವಲಯಗಳಾಗಿ, 867 ಉಪಪ್ರದೇಶಗಳಾಗಿ ವಿಂಗಡಿಸಿತು. ಅದರಲ್ಲಿ ನಮ್ಮ ಸೀಮೆಗೂ ಒಂದು ಹೆಸರಿದೆ: ದಖ್ಖನಿನ ಮುಳ್ಳುಕುರುಚಲು ಕಾಡು. ಇತ್ತೀಚಿನ ವರ್ಷಗಳಲ್ಲಿ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಅವರಂಥ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಭಾರತದ ಇಂಥ ಪ್ರದೇಶಗಳಲ್ಲಿ ಬಹಳಷ್ಟು ಕೆಟ್ಟುಹೋದ ಕಾಡುಗಳಲ್ಲ, ಮೂಲತಃ ಸವನ್ನಾಗಳೇ ಎಂದು ವಾದಿಸಿದ್ದಾರೆ. ಅಂದರೆ ನಮ್ಮ ಮಕ್ಕಳು ಆಫ್ರಿಕಾ ಖಂಡದ ಪುಟದಲ್ಲಿ ಓದುವ ಸವನ್ನಾದ ಒಬ್ಬ ಬಂಧು ಅವರ ಮನೆಯಂಗಳದಲ್ಲೇ ಇದ್ದಾನೆ. ಪರಿಚಯ ಮಾಡಿಸಿದವರಿಲ್ಲ, ಅಷ್ಟೇ.

“ಪಾಳು” ಎಂಬ ಪದದ ಮೂಲ

ಹಾಗಾದರೆ “ಪಾಳು” ಎಂಬ ಹೆಸರು ಎಲ್ಲಿಂದ ಬಂತು? ಅದು ವಿಜ್ಞಾನದಿಂದ ಬಂದದ್ದಲ್ಲ, ಕಂದಾಯದಿಂದ ಬಂದದ್ದು. ತೆರಿಗೆ ಕೊಡುವ ಭೂಮಿ ಭೂಮಿ, ಕೊಡದ ಭೂಮಿ ವ್ಯರ್ಥ. ವಸಾಹತು ಆಡಳಿತದ ಲೆಕ್ಕ ಇಷ್ಟು ಸರಳವಾಗಿತ್ತು. ನಿಮ್ಮ ಮನೆಯ ಪಹಣಿಯನ್ನೇ ತೆಗೆದು ನೋಡಿ: ಸಾಗುವಳಿಗೆ ಬಾರದ ನೆಲದ ಮುಂದೆ ಇಂದಿಗೂ “ಖರಾಬು” ಎಂದೇ ಬರೆದಿರುತ್ತದೆ. ಆ ಖರಾಬಿನಲ್ಲಿ ಹಳ್ಳವಿರಬಹುದು, ಬಂಡೆಯಿರಬಹುದು, ನೂರು ಕುರಿ ಮೇಯುವ ಹುಲ್ಲಿರಬಹುದು. ಕಾಗದಕ್ಕೆ ಅದೆಲ್ಲ ಲೆಕ್ಕಕ್ಕಿಲ್ಲ.

ಸ್ವಾತಂತ್ರ್ಯ ಬಂದಿತು, ಲೆಕ್ಕ ಬದಲಾಗಲಿಲ್ಲ. 1985ರಲ್ಲಿ ರಾಷ್ಟ್ರೀಯ ಪಾಳುಭೂಮಿ ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಕೇಂದ್ರ ಸರ್ಕಾರ ಉಪಗ್ರಹ ಚಿತ್ರಗಳ ನೆರವಿನಿಂದ ಪಾಳುಭೂಮಿಯ ನಕಾಶೆಪುಸ್ತಕಗಳನ್ನೇ ಹೊರತಂದಿತು. 2019ರ ಆವೃತ್ತಿಯ ಪ್ರಕಾರ ದೇಶದ ಭೂಪ್ರದೇಶದ ಶೇ. 16.96ರಷ್ಟು, ಅಂದರೆ ಸುಮಾರು 5 ಕೋಟಿ 57 ಲಕ್ಷ ಹೆಕ್ಟೇರು ಪಾಳು! ಈ ಪಟ್ಟಿಯಲ್ಲಿ ನಿಜಕ್ಕೂ ಕೆಟ್ಟ ನೆಲವೂ ಇದೆ, ಒಪ್ಪುತ್ತೇನೆ. ಆದರೆ “ಕುರುಚಲು ಗಿಡಗಳಿರುವ ಭೂಮಿ” ಎಂಬುದೂ ಅದರೊಳಗಿನ ಒಂದು ದೊಡ್ಡ ವರ್ಗ. ಕುರುಚಲೇ ಒಂದು ಪ್ರದೇಶದ ಸಹಜ ಧರ್ಮವಾಗಿದ್ದರೆ, ಅದನ್ನು ಪಾಳೆಂದು ಕರೆಯುವುದು ಯಾವ ನ್ಯಾಯ?

ನೆಲಕ್ಕೆ ಇಟ್ಟ ಹೆಸರು ಮನುಷ್ಯರಿಗೂ ಅಂಟುತ್ತದೆ. 2002ರಲ್ಲಿ ಡಾ. ಡಿ. ಎಂ. ನಂಜುಂಡಪ್ಪ ಸಮಿತಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿ ಸೇರಿಸಿತು. ನ್ಯಾಯವಾದ ಪಾಲು ದೊರಕಲೆಂದು ಮಾಡಿದ ಆ ವರ್ಗೀಕರಣದ ಉದ್ದೇಶ ಒಳ್ಳೆಯದೇ. ಆದರೆ ಪಾಳುಭೂಮಿಯ ಹಿಂದುಳಿದ ಮಗು ಎಂದು ಎರಡೆರಡು ಬಾರಿ ಹಣೆಪಟ್ಟಿ ಹಚ್ಚಿಸಿಕೊಂಡ ಹುಡುಗ, ಬೆಂಗಳೂರಿನ ಬಸ್ಸು ಹತ್ತುವಾಗ ತನ್ನ ಊರಿನ ಬಗ್ಗೆ ಏನೆಂದುಕೊಂಡಾನು?

ಏನೂ ಇಲ್ಲವೆಂಬಲ್ಲಿ ಏನಿದೆ?

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಎರಡು ಮಹಾನದಿಗಳ ನಡುವಣ ದೋಆಬ್ ನಮ್ಮ ಸೀಮೆ. ಕಾಲಡಿಯಲ್ಲಿ ಸುಮಾರು 250 ಕೋಟಿ ವರ್ಷ ಹಳೆಯ ಬೆಣಚುಕಲ್ಲು. ಅದರ ಮೇಲೆ ಎರೆ ಮತ್ತು ಮಸಾರಿ ಎಂಬ ಎರಡು ಮಣ್ಣು. ಮಳೆಯ ಬಹುಪಾಲು ಜೂನ್‌ನಿಂದ ಅಕ್ಟೋಬರದೊಳಗೆ ಸುರಿದು ಮುಗಿಯುತ್ತದೆ; ಉಳಿದ ತಿಂಗಳುಗಳನ್ನು ಪ್ರತಿಯೊಂದು ಜೀವಿಯೂ ಉಳಿತಾಯದಲ್ಲೇ ಕಳೆಯಬೇಕು.

ಈ ಉಳಿತಾಯದ ವಿದ್ಯೆಯನ್ನು ನೋಡಿ. ಬೇಸಿಗೆಯಲ್ಲಿ ಎಲೆ ಉದುರಿಸಿ ನಿಂತ ಗಿಡ ಸತ್ತಿಲ್ಲ. ನೀರು ಆರದಂತೆ ಬಾಗಿಲು ಮುಚ್ಚಿಕೊಂಡಿದೆ. ಬಾರಿಗಿಡ, ಬಿಳಿಜಾಲಿಗಳ ಮುಳ್ಳು, ಮೇಯುವ ಬಾಯಿಯಿಂದ ತಮ್ಮನ್ನು ಕಾಯ್ದುಕೊಳ್ಳುವ ಬೇಲಿ. ಒಣಗಿ ಹಳದಿಯಾದ ಹುಲ್ಲು ತನ್ನ ಬದುಕನ್ನು ಬೇರಿಗೆ ಇಳಿಸಿಕೊಂಡಿರುತ್ತದೆ. ಮೃಗಶಿರ ಮಳೆ ಬಿದ್ದ ಕೆಲವೇ ದಿನಗಳಲ್ಲಿ ಮತ್ತೆ ಚಿಗುರುತ್ತದೆ. ಮಳೆಕಾಡು ತನ್ನ ಇಂಗಾಲದ ಬಹುಭಾಗವನ್ನು ಮರಗಳಲ್ಲಿ ಕೂಡಿಟ್ಟರೆ, ಹುಲ್ಲುಗಾವಲು ಅದನ್ನು ನೆಲದೊಳಗೆ ಬಚ್ಚಿಡುತ್ತದೆ. ಕಣ್ಣಿಗೆ ಕಾಣದ ಕಾರಣ ನಾವದನ್ನು ಸಂಪತ್ತೆಂದು ಎಣಿಸುವುದಿಲ್ಲ.

ನಾವು ದಿನವೂ ತಟ್ಟುವ ರೊಟ್ಟಿಯ ಜೋಳವೂ ಹುಲ್ಲಿನ ಜಾತಿಯೇ. ಸಾವಿರಾರು ವರ್ಷಗಳ ಹಿಂದೆ ಆಫ್ರಿಕಾದ ಸವನ್ನಾದಲ್ಲಿ ಪಳಗಿದ ಆ ಬೆಳೆ ಇಲ್ಲಿ ಬೇರೂರಿದ್ದು ಆಕಸ್ಮಿಕವಲ್ಲ. ಅದಕ್ಕೆ ಈ ನೆಲದಲ್ಲಿ ತವರಿನ ಹವೆ ಸಿಕ್ಕಿತು. ಎರೆಮಣ್ಣು ಹಿಡಿದಿಟ್ಟ ತೇವದಲ್ಲೇ ಹಿಂಗಾರಿ ಬಿಳಿಜೋಳ ತೆನೆಗೂಡುವುದನ್ನು ಬಲ್ಲ ರೈತನಿಗೆ ಪರಿಸರ ವ್ಯವಸ್ಥೆ ಎಂಬ ಪದ ಗೊತ್ತಿಲ್ಲದಿರಬಹುದು, ಅದರ ಅರ್ಥ ಗೊತ್ತು.

ಈ ಹುಲ್ಲನ್ನು ನಂಬಿದ ಬದುಕೂ ಇಂದು ನಿನ್ನೆಯದಲ್ಲ. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ 1950ರ ದಶಕದಲ್ಲಿ ಉತ್ಖನನ ನಡೆಸಿದ ರೇಮಂಡ್ ಆಲ್ಚಿನ್ ಅವರು, ಈ ಭಾಗದ ನವಶಿಲಾಯುಗದ ಜನರು ದನಗಾಹಿಗಳಾಗಿದ್ದರೆಂದು ತೋರಿಸಿಕೊಟ್ಟರು. ದಖ್ಖನಿನ ಬೂದಿದಿಬ್ಬಗಳು ಅವರ ದೊಡ್ಡಿಗಳಲ್ಲಿ ರಾಶಿಬಿದ್ದು ಸುಟ್ಟ ಸಗಣಿಯ ಬೂದಿ. ನಾಲ್ಕು ಸಾವಿರ ವರ್ಷಗಳ ಹಿಂದೆಯೇ ದನಗಳ ಹಿಂಡನ್ನು ಸಾಕಿದ ನೆಲ ಪಾಳು ಹೇಗಾದೀತು? ನಮ್ಮ ಜಿಲ್ಲೆಯದೇ ಕುರಿತಳಿಯೊಂದಿದೆ, ಕೆಂಗುರಿ. ಇದೇ ಬಿಸಿಲಿಗೆ, ಇದೇ ಮೇವಿಗೆ ಒಗ್ಗಿದ ತಳಿ. ಕೃಷ್ಣೆಯ ಮಡುಗಳಲ್ಲಿ ಮೊಸಳೆಗಳಿವೆ. ನಮಗಿಂತ ಮೇಲಕ್ಕೆ, ಕೊಪ್ಪಳ ಮತ್ತು ಬಳ್ಳಾರಿ ಭಾಗದಲ್ಲಿ ತುಂಗಭದ್ರೆಯ 34 ಕಿಲೋಮೀಟರ್ ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತವೆಂದು ಘೋಷಿಸಲಾಯಿತು. ನದಿಯಾಚೆಯ ಸಿರುಗುಪ್ಪದ ಎರೆಹೊಲಗಳು, ಇಡೀ ಜಗತ್ತಿನಲ್ಲಿ ಇನ್ನೂರಕ್ಕಿಂತ ಕಡಿಮೆ ಉಳಿದಿರುವ ಎರೆಭೂತ ಹಕ್ಕಿಗೆ ಕರ್ನಾಟಕದ ಕೊನೆಯ ಆಸರೆ. ನಮ್ಮ ಎಷ್ಟು ಮಕ್ಕಳು ಈ ಹಕ್ಕಿಯ ಹೆಸರನ್ನಾದರೂ ಕೇಳಿದ್ದಾರೆ?

ಅಜ್ಞಾನದ ಬೆಲೆ

“ಮಕ್ಕಳು ತಿಳಿಯದಿದ್ದರೆ ಏನಾಯಿತು, ಸ್ವಾಮಿ?” ಎಂದು ಕೇಳುವಿರಾದರೆ, ಉದಾಹರಣೆಗಳು ದೂರವಿಲ್ಲ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಘೋಷಣೆಯಾಯಿತು. ಅದೇ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡಲಾಗಿತ್ತು. ಮರ ನೆಟ್ಟಿದ್ದು ಪುಣ್ಯವೇ ಎಂದು ಯಾರಿಗಾದರೂ ಅನಿಸೀತು. ಆದರೆ ಬಯಲನ್ನೇ ನಂಬಿದ್ದ ಎರೆಭೂತ ಅಲ್ಲಿಂದ ಕಣ್ಮರೆಯಾಯಿತು. ನೆರಳು ಬಿದ್ದಲ್ಲಿ ಬಿಸಿಲು ಬೇಡುವ ಹುಲ್ಲು ಸಾಯುತ್ತದೆ; ಹುಲ್ಲು ಸತ್ತಲ್ಲಿ ಅದನ್ನು ನಂಬಿದ ಜೀವ ನಿಲ್ಲದು.

ಎರಡನೆಯದು ನಮ್ಮೆಲ್ಲರಿಗೂ ಪರಿಚಿತವಾದ ಬಳ್ಳಾರಿ ಜಾಲಿ. ಹೆಸರು ಬಳ್ಳಾರಿಯದಾದರೂ ಅದರ ತವರು ಅಮೆರಿಕ ಖಂಡ. ಬರಡು ನೆಲವನ್ನು ಹಸಿರಾಗಿಸಲೆಂದು ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ತಂದ ಈ ಗಿಡ ಇಂದು ಹಳ್ಳ, ಕೆರೆ, ಗಾಯರಾಣಗಳನ್ನು ನುಂಗಿ ಕುಳಿತಿದೆ. ಬಡವರ ಒಲೆಗೆ ಅದು ಸೌದೆ ಕೊಟ್ಟಿರುವುದು ನಿಜ. ಅದೇ ಬಡವರ ಆಡುಕುರಿಗಳ ಹುಲ್ಲನ್ನು ಕಿತ್ತುಕೊಂಡಿರುವುದೂ ನಿಜ.

ಮೂರನೆಯದು ಕಾಲುವೆ. 1953ರಲ್ಲಿ ನೀರು ನಿಂತ ತುಂಗಭದ್ರಾ ಅಣೆಕಟ್ಟು ನಮ್ಮ ಸೀಮೆಗೆ ಅನ್ನ ಕೊಟ್ಟಿದೆ. ಅದನ್ನು ಹಳಿಯುವ ಕೃತಘ್ನತೆ ನನಗಿಲ್ಲ. ಆದರೆ ಎಡದಂಡೆ ಕಾಲುವೆಯನ್ನು ಯೋಜಿಸಿದವರು, ನೀರನ್ನು ತೆಳುವಾಗಿ ಹಂಚಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗಳನ್ನು ಕಾಯುವುದೇ ಮುಖ್ಯವೆಂದು ಬಗೆದಿದ್ದರು. ಮೇಲ್ಭಾಗದಲ್ಲಿ ಭತ್ತ ಹಬ್ಬಿತು. ಮಾನ್ವಿ ಮತ್ತು ರಾಯಚೂರಿನ ಕೊನೆಯಂಚಿನ ರೈತ ನೀರಿಗಾಗಿ ಹೋರಾಟಕ್ಕೆ ಇಳಿಯುವಂತಾಯಿತು. ಅತ್ತ ನೀರು ಬಸಿಯದ ಎರೆಭೂಮಿಯಲ್ಲಿ ಜವುಳು ಹುಟ್ಟಿ, ಉಪ್ಪು ಮೇಲೆದ್ದಿತು. ಒಣಸೀಮೆಯ ಮಣ್ಣಿಗೆ ಅದರದೇ ಗುಣವಿದೆ ಎಂಬ ಪಾಠವನ್ನು ಶಾಲೆಯಲ್ಲಿ ಕಲಿಯದಿದ್ದರೆ, ಹೊಲದಲ್ಲಿ ಕಲಿಯಬೇಕಾಗುತ್ತದೆ. ಅಲ್ಲಿ ಶುಲ್ಕ ದುಬಾರಿ.

ಇದು ನಮ್ಮೊಬ್ಬರ ಕಥೆಯೂ ಅಲ್ಲ. ಅಮೆಜಾನ್ ಮಳೆಕಾಡಿಗಾಗಿ ಜಗತ್ತು ಕಣ್ಣೀರಿಡುತ್ತಿರುವಾಗಲೇ, ಪಕ್ಕದ ಸೆರ್ರಾದೊ ಎಂಬ ಬ್ರೆಜಿಲಿನ ಸವನ್ನಾ ಸೋಯಾ ಹೊಲಗಳಿಗೂ ದನಗಳ ಹುಲ್ಲುಬಯಲಿಗೂ ತನ್ನ ಅರ್ಧದಷ್ಟನ್ನು ಕಳೆದುಕೊಂಡಿತು. ಮರ ಕಡಿದರೆ ಅಳುವವರುಂಟು, ಹುಲ್ಲಿಗೆ ಅಳುವವರಿಲ್ಲ.

ಆಕ್ಷೇಪಣೆಗೊಂದು ಉತ್ತರ

ಪಾಲಕರು ಹೇಳುವ ಮಾತು ನನಗೆ ಗೊತ್ತು: ಪರೀಕ್ಷೆಯಲ್ಲಿ ಟಂಡ್ರಾ ಕೇಳುತ್ತಾರೆ, ಮರಡಿಯನ್ನು ಕೇಳುವುದಿಲ್ಲ. ಸರಿ, ಟಂಡ್ರಾವನ್ನು ಬಿಡಿರೆಂದು ಯಾರು ಹೇಳಿದರು? ತನ್ನ ಊರಿನ ಗಿಡ ಏಕೆ ಎಲೆ ಉದುರಿಸುತ್ತದೆಂದು ಅರಿತ ಮಗುವಿಗೆ, ಟೈಗಾದ ಮರ ಏಕೆ ಸೂಜಿಯೆಲೆ ಇಟ್ಟುಕೊಂಡಿದೆಯೆಂದು ಅರಿಯುವುದು ಸುಲಭ. ಎರಡೂ ನೀರುಳಿಸುವ ಉಪಾಯಗಳೇ. ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂಬುದು ಶಿಕ್ಷಣಶಾಸ್ತ್ರದ ಮೊದಲ ಪಾಠ.

ಕ್ರೈಸ್ತ ಕುಟುಂಬಗಳಾದ ನಮಗೆ ಇದರಲ್ಲಿ ಇನ್ನೂ ಒಂದು ಹೊಣೆಯಿದೆ. ಆದಿಕಾಂಡದ ಮೊದಲ ಅಧ್ಯಾಯವನ್ನು ನಿಧಾನವಾಗಿ ಓದಿ: ಮೂರನೆಯ ದಿನ ಭೂಮಿ ಹಣ್ಣಿನ ಮರಗಳನ್ನಷ್ಟೇ ಹೊರಡಿಸಲಿಲ್ಲ, ಹುಲ್ಲುಸಸಿಯನ್ನೂ ಹೊರಡಿಸಿತು, ಅದನ್ನೂ ಕಂಡು ದೇವರು ಒಳ್ಳೆಯದೆಂದರು. ದೇವರು ಒಳ್ಳೆಯದೆಂದುದನ್ನು ಖರಾಬೆಂದು ಬರೆಯಲು ನಾವು ಯಾರು? ದಿವಂಗತ ಪೋಪ್ ಫ್ರಾನ್ಸಿಸರು 2015ರ ಮೇ 24ರಂದು ಸಹಿ ಮಾಡಿದ “ಲೌದಾತೊ ಸೀ” ವಿಶ್ವಪತ್ರದ ಆರನೆಯ ಅಧ್ಯಾಯವನ್ನು ಪರಿಸರ ಶಿಕ್ಷಣಕ್ಕೆ ಮೀಸಲಿಟ್ಟರು. ಆ ಹೊಣೆಯನ್ನು ವರ್ಷಕ್ಕೊಮ್ಮೆ ದೇವಾಲಯದ ಅಂಗಳದಲ್ಲಿ ಸಸಿ ನೆಟ್ಟು, ಛಾಯಾಚಿತ್ರ ತೆಗೆಸಿಕೊಂಡು ತೀರಿಸಲಾಗದು. ಅಂಗಳದಲ್ಲಿ, ರಸ್ತೆ ಬದಿಯಲ್ಲಿ ಬೇವು, ಹುಣಸೆ ನೆಡಿ, ಸಂತೋಷ. ಆದರೆ ಹುಲ್ಲುಬಯಲನ್ನು ಕಂಡಾಗ ಗುದ್ದಲಿಯನ್ನು ಕೆಳಗಿಡುವ ವಿವೇಕವೂ ನಮಗಿರಲಿ.

ಆದ್ದರಿಂದ ಪ್ರತಿಯೊಂದು ಧರ್ಮಕೇಂದ್ರದಲ್ಲಿ ಈ ವರ್ಷ ಇಷ್ಟನ್ನಾದರೂ ಮಾಡಿರಿ. ಜ್ಞಾನೋಪದೇಶದ ಮಕ್ಕಳು ಊರ ಹೊರಗಿನ ಒಂದು ಮರಡಿಯನ್ನೋ ಹಳ್ಳದ ದಂಡೆಯನ್ನೋ ಆರಿಸಿಕೊಳ್ಳಲಿ. ರಾಯಚೂರು ನಗರದವರಿಗೆ ಕೋಟೆಯ ಬಂಡೆಗಳಿವೆ, ಮಾವಿನಕೆರೆಯಿದೆ. ಬೇಸಿಗೆಯಲ್ಲೊಮ್ಮೆ, ಮೊದಲ ಮಳೆಯ ನಂತರ, ಹಿಂಗಾರಿನಲ್ಲಿ, ಚಳಿಗಾಲದಲ್ಲಿ, ಹೀಗೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಕಂಡದ್ದನ್ನು ಬರೆದಿಡಲಿ. ಕುರಿಗಾಹಿಗಳನ್ನು, ಅಜ್ಜ-ಅಜ್ಜಿಯರನ್ನು ಕೇಳಿ ಪ್ರತಿ ಗಿಡದ, ಹುಲ್ಲಿನ, ಹಕ್ಕಿಯ ಹೆಸರನ್ನು ನಮ್ಮ ಮಾತಿನಲ್ಲೇ ಬರೆದುಕೊಳ್ಳಲಿ. ಆ ಹೆಸರುಗಳನ್ನು ಬಲ್ಲ ತಲೆಮಾರು ಮುಗಿಯುತ್ತಾ ಬಂದಿದೆ. ನಾಳೆ ಕೇಳೋಣವೆಂದರೆ ಹೇಳುವವರು ಇರಲಿಕ್ಕಿಲ್ಲ. ಆ ಪುಸ್ತಕವನ್ನು ಶಾಲೆಗೂ ಗ್ರಾಮಸಭೆಗೂ ಒಯ್ಯಿರಿ. ಗಾಯರಾಣವನ್ನು ಪಾಳೆಂದು ಯಾರಿಗಾದರೂ ಕೊಡಹೊರಟ ದಿನ, ಅಲ್ಲಿ ಏನೇನಿದೆ ಎಂದು ಓದಿ ಹೇಳಲು ನಿಮ್ಮ ಮಗುವಿನ ಕೈಯಲ್ಲಿ ಒಂದು ಲೆಕ್ಕವಿರುತ್ತದೆ.

ನಮ್ಮ ಹಿರಿಯರು ಈ ಕುರುಚಲನ್ನು ಎಂದೂ ಪಾಳೆಂದು ಕರೆದವರಲ್ಲ. ಅವರು ಅದನ್ನು ಅಡವಿ ಎಂದರು. ಆ ಮಾತನ್ನು ನಮ್ಮ ಮಕ್ಕಳ ಬಾಯಿಗೆ ಮರಳಿಸೋಣ.