ಕಡತ ಒಂದು, ಕೇಂದ್ರ ಏಳು

ಕಡತದ ಚಿಂತೆ ಗುಮಾಸ್ತರಿಗೆ ಮಾತ್ರ ಎಂದು ಮನೆಯವರು ನಗುವುದುಂಟು. ಮಿದುಳಿನ ಚಿತ್ರಕ್ಕೂ ಕಡತವಿದೆ, ಅದು ಕೆಟ್ಟರೆ ಔಷಧದ ತೀರ್ಪೇ ಕೆಟ್ಟೀತು ಎಂದರೆ ಅವರೂ ಕಿವಿಗೊಟ್ಟಾರು.

ಹೊಸ ಔಷಧದ ಪರೀಕ್ಷೆಗೆ ಒಂದೇ ಆಸ್ಪತ್ರೆಯ ರೋಗಿಗಳು ಸಾಲರು. ಹಲವು ಊರುಗಳು ಕೂಡಬೇಕು. ನಮ್ಮ ದೇಶದಲ್ಲಿ ‘ಸಿ-ವೇದ’ ಎಂಬ ಭಾರತ-ಬ್ರಿಟನ್ ಅಧ್ಯಯನ ನಡೆಯಿತು. 6ರಿಂದ 23 ವಯಸ್ಸಿನವರನ್ನು 7 ಕೇಂದ್ರಗಳಲ್ಲಿ ಸೇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರು, ಚಂಡೀಗಢ, ಇಂಫಾಲಗಳೊಡನೆ ನಮ್ಮ ಕಲ್ಕತ್ತೆಯೂ ಅದರಲ್ಲಿತ್ತು. ಕೆಲವರ ಮಿದುಳಿನ ಎಂ.ಆರ್.ಐ. ಚಿತ್ರವನ್ನೂ ತೆಗೆದರು. ಅದು ಔಷಧದ ಪರೀಕ್ಷೆಯಲ್ಲ. ಆದರೆ ಚಿತ್ರಗಳನ್ನು ಕೂಡಿಸುವ ತೊಡಕು ಎರಡಕ್ಕೂ ಒಂದೇ.

ಮೊದಲನೆಯ ತೊಡಕು ಯಂತ್ರದ್ದು. ಕಳೆದ ವರ್ಷ ಒಂದು ಅಂಗಡಿಯ ತಕ್ಕಡಿಯಲ್ಲಿ ತೂಗಿದ ಬೆಲ್ಲವನ್ನು ಈಗ ಬೇರೊಂದು ಅಂಗಡಿಯಲ್ಲಿ ತೂಗಿ, ಕಡಮೆಯಾಯಿತೆಂದರೆ ನಂಬಬಹುದೇ? ಆದುದರಿಂದ ‘ಫ್ಯಾಂಟಮ್’ ಎಂಬ, ಅಳತೆ ಗೊತ್ತಿರುವ ವಸ್ತುವಿನ ಚಿತ್ರವನ್ನು ಪ್ರತಿಯೊಂದು ಯಂತ್ರದಲ್ಲೂ ತೆಗೆದು ತಾಳೆ ನೋಡುತ್ತಾರೆ. 2004ರಲ್ಲಿ ಅಮೆರಿಕದಲ್ಲಿ ಆರಂಭವಾದ ಅಲ್ಝೈಮರ್ ಚಿತ್ರಣದ ಅಧ್ಯಯನದಲ್ಲಿಯೂ ಹೀಗೆಯೇ ಮಾಡಿದರು.

ಎರಡನೆಯದು ಹೆಸರಿನದು. ಇಂಥ ಚಿತ್ರಗಳು ‘ಡೈಕಾಮ್’ ಎಂಬ ಏಕರೂಪದ ಕಡತಗಳಲ್ಲಿರುತ್ತವೆ. ಚಿತ್ರದೊಡನೆಯೇ ರೋಗಿಯ ಹೆಸರು, ಜನ್ಮದಿನ, ಆಸ್ಪತ್ರೆ ಎಲ್ಲವೂ ದಾಖಲಾಗಿರುತ್ತವೆ. ಮುಖ್ಯ ಕೇಂದ್ರಕ್ಕೆ ಕಳುಹಿಸುವ ಮುನ್ನ ಅವನ್ನು ಅಳಿಸಿ, ಸಂಖ್ಯೆಯೊಂದನ್ನು ಕೊಡಬೇಕು. ಆ ಸಂಖ್ಯೆ ಅದಲುಬದಲಾದರೆ ಒಬ್ಬರ ಮೊದಲ ಚಿತ್ರ ಇನ್ನೊಬ್ಬರ ಎರಡನೆಯ ಚಿತ್ರಕ್ಕೆ ಜೋಡಿಯಾಗಿ, ಗುಣವಾಗದ್ದು ಗುಣವಾದಂತೆ ಕಂಡೀತು!

ಹೆಸರು ಅಳಿಸಿದರೂ ಮುಖ ಉಳಿಯುತ್ತದೆ. ತಲೆಯ ಎಂ.ಆರ್.ಐ.ಯಿಂದ ಮುಖವನ್ನೇ ರೂಪಿಸಬಹುದು. 2019ರಲ್ಲಿ ಪ್ರಕಟವಾದ ಅಮೆರಿಕದ ಮೇಯೋ ಕ್ಲಿನಿಕ್ಕಿನ ಪ್ರಯೋಗದಲ್ಲಿ, ಮುಖ ಗುರುತಿಸುವ ಗಣಕಯಂತ್ರವು 84 ಮಂದಿಯಲ್ಲಿ 70 ಮಂದಿಯನ್ನು ಅವರ ಭಾವಚಿತ್ರಗಳೊಡನೆ ಸರಿಯಾಗಿ ಹೊಂದಿಸಿತು. ಆದಕಾರಣ ಚಿತ್ರದಲ್ಲಿ ಮುಖದ ಭಾಗವನ್ನೂ ಅಳಿಸುವ ಪದ್ಧತಿ ಬಂದಿದೆ.

ಇದೆಲ್ಲ ನಮಗೇಕೆ? ಮರೆವಿನ ರೋಗದ ಹಿರಿಯರು ನಮ್ಮ ಮನೆಗಳಲ್ಲಿಯೂ ಇದ್ದಾರೆ. ನಾಳೆ ಯಾವುದೋ ಪರೀಕ್ಷೆಯ ಒಪ್ಪಿಗೆ ಪತ್ರ ಅವರ ಮುಂದೆ ಬಂದೀತು. ಊರಿನಿಂದ ಬಂದ ಅಜ್ಜಿಗೆ ಬಂಗಾಳಿಯೂ ತಿಳಿಯದು, ಇಂಗ್ಲಿಷೂ ತಿಳಿಯದು. ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬುದು ನಮ್ಮ ದೇಶದ ನಿಯಮ. ಯಾವಾಗ ಬೇಕಾದರೂ ಹಿಂದೆಗೆಯುವ ಹಕ್ಕೂ ಅವರಿಗಿದೆ. ರುಜುವಿಗೆ ಮೊದಲು ಮೂರು ಮಾತು ಕೇಳಿರಿ: ಚಿತ್ರ ಎಲ್ಲೆಲ್ಲಿಗೆ ಹೋಗುತ್ತದೆ? ಹೆಸರು-ಸಂಖ್ಯೆಯ ಪಟ್ಟಿ ಯಾರ ವಶದಲ್ಲಿರುತ್ತದೆ? ನಡುವೆ ಬಿಟ್ಟರೆ, ತೆಗೆದ ಚಿತ್ರದ ಗತಿಯೇನು?

ಕೇಳುವುದು ಅವಿಶ್ವಾಸವಲ್ಲ. ಕಡತವನ್ನು ಸರಿಯಾಗಿಟ್ಟವರು ಉತ್ತರ ಹೇಳಲು ಹಿಂಜರಿಯುವುದಿಲ್ಲ. ಉತ್ತರ ಸಮಾಧಾನವೆನಿಸಿದರೆ ಧಾರಾಳವಾಗಿ ಒಪ್ಪಿರಿ. ಮುಂದಿನವರ ಔಷಧಕ್ಕೆ ಅದರಿಂದ ದಾರಿಯಾದೀತು.